ಅನೌಪಚಾರಿಕ ವಸಾಹತು ಎಲ್ಲಿ ಬರುತ್ತೆ?

ಮೂರು ವರ್ಷದ ಹಿಂದೆ ಒಂದು ಸಂಶೋಧನೆಗೆ ಪ್ರಶ್ನಾವಳಿ ಅನುವಾದ ಮಾಡಿಕೊಟ್ಟಿದ್ದೆ. 'ಇನ್‌ಫಾರ್ಮಲ್ ಸೆಟಲ್‌ಮೆಂಟ್' (ಹಕ್ಕುಪತ್ರ ಇಲ್ಲದ ಜಾಗದಲ್ಲಿ ಜನ ತಾವೇ ಮನೆ ಕಟ್ಟಿಕೊಂಡಿರೋ ಕೇರಿ) ಅನ್ನೋ ಕಡೆಯೆಲ್ಲಾ 'ಅನೌಪಚಾರಿಕ ವಸಾಹತು' ಅಂತ ಹಾಕಿದ್ದೆ. ಅದನ್ನೇ ಹಿಡಿದು ಹೋಗಿದ್ದು ಬೆಂಗಳೂರಿನ ಒಂದು ರಾಜಕಾಲುವೆ ಪಕ್ಕದ ಗಲ್ಲಿಗೆ. ಮೊದಲ ಮನೆಯಲ್ಲೇ ಓದಿದೆ: "ಈ ಅನೌಪಚಾರಿಕ ವಸಾಹತಿನಲ್ಲಿ ಎಷ್ಟು ವರ್ಷಗಳಿಂದ ವಾಸವಾಗಿದ್ದೀರಿ?"

ಹೂ ಕಟ್ಟುತ್ತಿದ್ದ ಅಕ್ಕ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದರು: "ಅದೆಲ್ಲಿ ಬರುತ್ತಮ್ಮಾ? ನಾವು ಇಲ್ಲೇ ಇರೋದು."

ನಗು ಬಂತು, ನಾಚಿಕೆಯೂ ಆಯ್ತು. ವಸಾಹತು ಅಂದರೆ ಶಾಲೆಯಲ್ಲಿ ಓದಿದ್ದು ಬ್ರಿಟಿಷರು ಮಾಡಿಕೊಂಡದ್ದು. ಇನ್ನು ಅನೌಪಚಾರಿಕ! ನಾನು ಕೂತು ಐದು ನಿಮಿಷ ಆಗಿರಲಿಲ್ಲ, ಪಕ್ಕದ ಮನೆಯಿಂದ ಹಾಲು ತಂದು ಟೀ ಕಾಯಿಸಿದ್ದರು. ಉಪಚಾರಕ್ಕೇನೂ ಕಡಿಮೆ ಇರಲಿಲ್ಲ.

ಸರ್ಕಾರಿ ಕಾಗದದಲ್ಲಾದರೆ ಇಂಥ ಜಾಗ 'ಕೊಳಚೆ ಪ್ರದೇಶ'. ಇಂಥ ಜಾಗಗಳಿಗಾಗಿ ಕರ್ನಾಟಕ ಮಾಡಿದ 1973ರ ಕಾಯ್ದೆಯ ಹೆಸರಲ್ಲೇ ಕೊಳಚೆ ಇದೆ, ನಿರ್ಮೂಲನೆಯೂ ಇದೆ. ನಿರ್ಮೂಲನೆ ಅನ್ನೋದು ನಾವು ಪೋಲಿಯೋಗೆ ಬಳಸುವ ಪದ. ಇದನ್ನೆಲ್ಲಾ ನೋಡಿಕೊಳ್ಳೋ ಸರ್ಕಾರಿ ಮಂಡಳಿಯ ಹೆಸರಿನಲ್ಲಿ ಆಮೇಲೆ ನಿರ್ಮೂಲನೆ ಹೋಗಿ ಅಭಿವೃದ್ಧಿ ಬಂತು, ಸರಿ. 2011ರ ಜನಗಣತಿಯವರು ಇಂಥ ಜಾಗ ಗುರುತಿಸುವಾಗ ನೋಡಿದ್ದೂ ಇದನ್ನೇ: ಕನಿಷ್ಠ 300 ಜನ ಅಥವಾ ಸುಮಾರು 60–70 ಮನೆ, ಇಕ್ಕಟ್ಟು, ಕೊಳಕು, ಸರಿಯಾದ ನೀರು ಶೌಚಾಲಯ ಇಲ್ಲ. ನಲ್ಲಿ ಹಾಕಿಸದವರು ಯಾರೋ, ಹೆಸರು ಅಂಟೋದು ಬಿಂದಿಗೆ ಹೊರುವವರಿಗೆ.

ಇಷ್ಟೆಲ್ಲಾ ಅಕ್ಕನ ಹತ್ತಿರ ಆವೇಶದಲ್ಲಿ ಹೇಳಿ, "ಆ ಕೊಳಚೆ ಅನ್ನೋ ಪದಾನೇ ತೆಗೆದುಹಾಕ್ಬೇಕು, ಅಲ್ವಾ?" ಅಂದೆ.

ಅವರು ಎದ್ದು ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತೆಗೆದರು. ತುಂಬಾ ಅರ್ಜಿಗಳು. ಮಡಿಕೆಯಲ್ಲಿ ಹರಿದ ಕಡೆ ಟೇಪ್ ಹಚ್ಚಿದ್ದರು. "ಬೇಡಮ್ಮಾ. ಅದನ್ನ ಬರೆಸೋಕೇ ಹತ್ತು ವರ್ಷದಿಂದ ಓಡಾಡ್ತಿದ್ದೀವಿ. ಕೊಳಚೆ ಅಂತ ಘೋಷಣೆ ಆದ್ರೆ ಹಕ್ಕುಪತ್ರ ಕೇಳಬಹುದು. ಸುಮ್ನೆ ಬಂದು ಎಬ್ಬಿಸೋಕಾಗಲ್ಲ."

ನನಗೆ ಬೇಡವಾದ ಪದ ಅವರಿಗೆ ಬೇಕು. ನಾನು ಹುಡುಕಿ ತಂದ ಮರ್ಯಾದಸ್ಥ ಪದ ಇಟ್ಟುಕೊಂಡು ಯಾವ ಆಫೀಸಿನಲ್ಲೂ ಏನೂ ಕೇಳೋಕಾಗಲ್ಲ. ಅದು ವರದಿಯಲ್ಲಿ ಚೆನ್ನಾಗಿ ಕಾಣುತ್ತೆ, ಅಷ್ಟೇ.

ಪೆನ್ನು ತೆಗೆದು ಮೊದಲ ಪ್ರಶ್ನೆ ಹೊಡೆದುಹಾಕಿದೆ. "ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತಕ್ಕಾ?"

"ದೊಡ್ಡ ಮಗಳಿಗೆ ಈಗ 22. ಅವಳು ಹೊಟ್ಟೆಯಲ್ಲಿದ್ದಳು. ಲೆಕ್ಕ ಹಾಕ್ಕೋ."