ಅಲಾಯ್‌ಗೆ ನಟ್ ತಗೊಳ್ಳುವಾಗ ಪಾನಾ ಸೈಜ್ ನಂಬಬೇಡಿ

ನನ್ನ ಸ್ವಿಫ್ಟ್‌ಗೆ ಅಲಾಯ್ ಹಾಕಿಸಲು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಒಂದಿಷ್ಟು ಅಂಗಡಿ ಸುತ್ತಿದೆ. ಚಕ್ರ ಬೇಗ ಸಿಕ್ಕವು, ತಲೆನೋವು ಕೊಟ್ಟಿದ್ದು ನಟ್. ಎಲ್ಲ ಕಡೆ ಒಂದೇ ಪ್ರಶ್ನೆ: "ಎಷ್ಟರ ಪಾನಾ ರೀ?" ಹತ್ತೊಂಬತ್ತು ಅಂದರೆ ಸಾಕು, ಡಬ್ಬಿಯಿಂದ ಒಂದು ಹಿಡಿ ತೆಗೆದು ಕೌಂಟರ್ ಮೇಲೆ ಸುರಿಯುತ್ತಾರೆ. "ಕೂಡ್ತಾವ್ರಿ, ಒಯ್ರಿ."

19 ಅನ್ನೋದು ನಟ್‌ನ ಹೊರಗಿನ ಅಳತೆ ಅಷ್ಟೇ. ಮಾರುತಿಗೂ 19ರ ಪಾನಾ, ಹೋಂಡಾಗೂ 19ರ ಪಾನಾ, ಸ್ಟಡ್ (ಚಕ್ರ ಕೂರುವ ಹಬ್‌ನಿಂದ ಹೊರಗೆ ಚಾಚಿರುವ, ನಟ್ ಹಾಕುವ ಬೋಲ್ಟ್) ದಪ್ಪ ಎರಡರಲ್ಲೂ 12 ಮಿ.ಮೀ. ಆದರೆ ಥ್ರೆಡ್‌ನ ಒಂದು ಗೆರೆಯಿಂದ ಇನ್ನೊಂದಕ್ಕೆ ಇರೋ ಅಂತರ ಮಾರುತಿಯಲ್ಲಿ 1.25 ಮಿ.ಮೀ., ಹೋಂಡಾದ್ದು 1.5. ಹುಂಡೈ ಕೂಡ 1.5. ಟೊಯೋಟಾದಲ್ಲೂ ಹೆಚ್ಚಿನವು 1.5, ಆದರೆ ಗ್ಲಾನ್ಜಾ ಒಳಗೆಲ್ಲ ಬಲೆನೊ ಆಗಿರೋದರಿಂದ ಅದಕ್ಕೆ ಮಾರುತಿ ಲೆಕ್ಕ. ತಪ್ಪು ನಟ್ ಕೈಯಲ್ಲಿ ಎರಡು ಸುತ್ತು ಹೋಗಿ ಬಿಗಿಯಾಗುತ್ತೆ. ಅಲ್ಲಿಗೇ ಬಿಟ್ಟರೆ ಬಚಾವ್. ಅಂಗಡಿ ಹುಡುಗ ನಟ್ ಬಿಗಿಸುವ ಗನ್ ಹಿಡಿದು ಟರ್ರ್ ಅನ್ನಿಸಿದರೆ ಸ್ಟಡ್ ಥ್ರೆಡ್ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಮೊದಲು ಕೈಯಿಂದಲೇ ಪೂರ್ತಿ ತಿರುಗಿಸಿ ನೋಡಿ. ಅಂಗಡಿಯವರು ಅವಸರ ಮಾಡಿದರೂ ಬಿಡಬೇಡಿ.

ಆಮೇಲೆ ನಟ್ ಕೂರುವ ಜಾಗ. ಹೊರಗೆ ಸಿಗುವ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ 60 ಡಿಗ್ರಿ ಕೋನ್ ನಟ್ (ಮುಂದಿನ ತುದಿ ಓರೆಯಾಗಿರೋದು) ಬೇಕು. ಹೋಂಡಾದ ಕಂಪನಿ ನಟ್ ಮುಂದೆ ಗುಂಡಗಿರುತ್ತೆ. ಅದನ್ನು ಕೋನ್ ಜಾಗಕ್ಕೆ ಹಾಕಿದರೆ ತೆಳ್ಳನೆಯ ಒಂದು ಗೆರೆಯಷ್ಟೇ ತಾಗುತ್ತೆ, ಬಿಗಿ ಅನ್ನಿಸಿದರೂ ಓಡ್ತಾ ಓಡ್ತಾ ಸಡಿಲ ಆಗುತ್ತೆ.

ಉದ್ದದ ವಿಷಯ ಯಾರೂ ಕೇಳೋದೇ ಇಲ್ಲ. 12 ಮಿ.ಮೀ. ಸ್ಟಡ್ ಅಂದರೆ ನಟ್ ಒಳಗೂ ಕನಿಷ್ಠ 12 ಮಿ.ಮೀ. ಥ್ರೆಡ್ ಹಿಡಿದಿರಬೇಕು. 1.25ಕ್ಕೆ ಹೆಚ್ಚುಕಮ್ಮಿ ಹತ್ತು ಸುತ್ತು, 1.5ಕ್ಕೆ ಎಂಟು. ತಿರುಗಿಸುವಾಗ ಎಣಿಸಿದರಾಯ್ತು. ಅಲಾಯ್ ದಪ್ಪ ಇದ್ದರೆ, ಅಥವಾ ಚಕ್ರ ಹೊರಗೆ ಬರಲಿ ಅಂತ ನಡುವೆ ಸ್ಪೇಸರ್ ಬಿಲ್ಲೆ ಹಾಕಿದರೆ (ನನಗಂತೂ ಈ ಶೋಕಿ ಇಷ್ಟ ಇಲ್ಲ), ಇಷ್ಟು ಸುತ್ತು ಬರಲ್ಲ. ಆಗ ಉದ್ದನೆ ಸ್ಟಡ್ಡೇ ಬೇಕು. ಆದರೆ ಸ್ಟಡ್ ಅನ್ನು ಬರೀ ಉದ್ದ ನೋಡಿ ತರುವ ಹಾಗಿಲ್ಲ. ಅದರ ಬುಡದಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಅವೇ ಹಬ್‌ನ ತೂತನ್ನು ಕಚ್ಚಿ ಹಿಡಿಯೋದು. ಆ ಭಾಗದ ದಪ್ಪ ಒಂಚೂರು ಕಮ್ಮಿಯಾದರೂ ನಟ್ ಬಿಚ್ಚುವಾಗ ಸ್ಟಡ್ ಜೊತೆಗೇ ತಿರುಗುತ್ತೆ. ಹಳೇ ಸ್ಟಡ್ ಒಂದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಕ್ಯಾಲಿಪರ್‌ನಲ್ಲಿ ಅಳೆಸಿ. ಹೊಸದನ್ನು ನಟ್ ಹಾಕಿ ಗನ್ನಿಂದ ಎಳೆಸಬೇಡಿ, ಒತ್ತಿ ಕೂರಿಸುವ ಪ್ರೆಸ್ ಯಂತ್ರ ಇರೋ ಕಡೆ ಕೂರಿಸಿ. ಇಂಡಸ್ಟ್ರಿಯಲ್ ಎಸ್ಟೇಟ್ ಪಕ್ಕದಲ್ಲೇ ಇರೋ ಊರಲ್ಲಿ ಪ್ರೆಸ್‌ಗೇನು ಬರ, ಅಲ್ವಾ?

ಇನ್ನು ಸ್ವಿಫ್ಟ್ ಹಬ್‌ನ ನಡುವಿನ ಉಬ್ಬು 54.1 ಮಿ.ಮೀ. ಅಲಾಯ್ ನಡುವಿನ ತೂತು ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದು, ಆ ಸಂದು ತುಂಬುವ ಸರಿಯಾದ ರಿಂಗ್ ಕೇಳಿ ಹಾಕಿಸಿಕೊಳ್ಳಿ. ಕೀ ಬೇಕಾಗುವ ಸಪೂರ ನಟ್ ತಗೊಂಡಿದ್ದರೆ ಆ ಕೀ ಕಾರಲ್ಲೇ ಇರಲಿ, ಸ್ಟೆಪ್ನಿಗೆ ಹಳೇ ನಟ್‌ಗಳೂ ಇರಲಿ.

ಕೊನೆಯ ಬಿಗಿ ಟಾರ್ಕ್ ಪಾನಾದಲ್ಲೇ (ಎಷ್ಟು ಬಿಗಿ ಅಂತ ಅಳೆಯುವ ಪಾನಾ), ಕಾರಿನ ಪುಸ್ತಕದಲ್ಲಿರೋ ಅಳತೆಗೆ. ಥ್ರೆಡ್‌ಗೆ ಆಯಿಲ್, ಗ್ರೀಸ್ ಬೇಡ. ಹಾಕಿದರೆ ಅದೇ ಟಾರ್ಕ್‌ಗೆ ಸ್ಟಡ್ ಮೇಲೆ ಎಳೆತ ಜಾಸ್ತಿ ಬೀಳುತ್ತೆ. ನೂರು ಕಿಲೋಮೀಟರ್ ಒಳಗೆ ಇನ್ನೊಮ್ಮೆ ಚೆಕ್ ಮಾಡಿ. ಗದಗಕ್ಕೆ ಹೊರಟಿದ್ದರೆ ಅಲ್ಲಿ ತಲುಪಿ ಗಾಡಿ ತಣ್ಣಗಾದ ಮೇಲೆ ಎಲ್ಲ ನಟ್‌ಗೂ ಒಮ್ಮೆ ಟಾರ್ಕ್ ಪಾನಾ ಹಾಕಿ ನೋಡಿ, ಆಮೇಲೆ ವಾಪಸ್ ಹೊರಡಿ.