ಪೊಂಪೇಯಿಗಿಂತ ಮೊದಲು ಹರ್ಕ್ಯುಲೇನಿಯಂ ನೋಡಿ

ಇಟಲಿಗೆ ಬರುವ ನಮ್ಮವರೆಲ್ಲ ಕೇಳುವ ಹೆಸರು ಪೊಂಪೇಯಿ. ಆದರೆ ಅಪ್ಪ, ಅಮ್ಮ ಚಿತ್ರದುರ್ಗದಿಂದ ಮಿಲಾನಿಗೆ ಬಂದಾಗ ನಾವು ಅವರನ್ನು ಕರೆದುಕೊಂಡು ಹೋಗಿದ್ದು ಹರ್ಕ್ಯುಲೇನಿಯಂಗೆ. ಪೊಂಪೇಯಿಯನ್ನು ಬೂದಿಯಲ್ಲಿ ಹೂತ ವೆಸುವಿಯಸ್ ಜ್ವಾಲಾಮುಖಿಯೇ ಅದೇ ವರ್ಷ ಮುಚ್ಚಿಹಾಕಿದ ಇನ್ನೊಂದು ರೋಮನ್ ಊರು. ಪೊಂಪೇಯಿ ತುಂಬ ದೊಡ್ಡದು, ಬಿಸಿಲಲ್ಲಿ ದಿನವಿಡೀ ನಡೆದರೂ ಮುಗಿಯುವುದಿಲ್ಲ. ಅಮ್ಮನಿಗೆ ಮಂಡಿ ನೋವು, ಮಗಳಿಗೆ ಇನ್ನೂ ಎಂಟು ವರ್ಷ. ಹಾಗಾಗಿ ಚಿಕ್ಕದನ್ನೇ ಆರಿಸಿಕೊಂಡೆವು. ನೋಡಿ ಬಂದ ಮೇಲೆ, ಗಟ್ಟಿಮುಟ್ಟಾಗಿ ನಡೆಯುವವರಿಗೂ ಇದನ್ನೇ ಮೊದಲು ನೋಡಿ ಅಂತ ಹೇಳುತ್ತಿದ್ದೇನೆ.

ನೇಪಲ್ಸ್‌ನಿಂದ ಲೋಕಲ್ ರೈಲು ಹತ್ತಿ ಎರ್ಕೊಲಾನೊ ಸ್ಕಾವಿ ಸ್ಟೇಷನ್ನಿನಲ್ಲಿ ಇಳಿಯಬೇಕು. ಅಲ್ಲಿಂದ ಸಮುದ್ರದ ಕಡೆಗೆ ನೇರ ಇಳಿಜಾರು ರಸ್ತೆ. ಅದು ಮುಗಿಯುವಲ್ಲೇ ಟಿಕೆಟ್ ಕೌಂಟರ್. ಒಳಗೆ ಹೋಗಿ ಕಂಬಿ ಹಿಡಿದು ಬಗ್ಗಿದರೆ, ದೊಡ್ಡ ಗುಂಡಿಯ ತಳದಲ್ಲಿ ಒಂದು ಊರು ಕಾಣುತ್ತದೆ. ಬೀದಿಗಳಿವೆ, ಎರಡಂತಸ್ತಿನ ಮನೆಗಳಿವೆ. ಆ ಗುಂಡಿಯ ಅಂಚಿಗೇ ಇವತ್ತಿನ ಎರ್ಕೊಲಾನೊ ಊರಿನ ಅಪಾರ್ಟ್‌ಮೆಂಟುಗಳು ನಿಂತಿವೆ, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಹಳೆಯ ಊರಿನ ಬಹುಪಾಲು ಇನ್ನೂ ಆ ಮನೆಗಳ ಅಡಿಯಲ್ಲೇ ಇದೆ.

ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಮೊಮ್ಮಗಳನ್ನು ಕಂಬಿಯ ಹತ್ತಿರ ನಿಲ್ಲಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದರು. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಗಾಳಿ ಪೊಂಪೇಯಿ ಕಡೆ ಬೀಸುತ್ತಿತ್ತು. ಹಗುರವಾದ ಕಲ್ಲು, ಬೂದಿ ಎಲ್ಲ ಆ ಊರಿನ ಮೇಲೆ ಸುರಿಯಿತು. ಹರ್ಕ್ಯುಲೇನಿಯಂ ಮೇಲೆ ಮೊದಲ ದಿನ ಬಿದ್ದ ಬೂದಿ ಸ್ವಲ್ಪವೇ. ನಡುರಾತ್ರಿ ದಾಟಿದ ಮೇಲೆ, ಆಕಾಶಕ್ಕೆ ಎದ್ದಿದ್ದ ಬೂದಿಯ ಕಂಬ ಕುಸಿಯಿತು. ನೂರಾರು ಡಿಗ್ರಿ ಬಿಸಿಯ ಅನಿಲ, ಬೂದಿ ಇಳಿಜಾರಿನಲ್ಲಿ ನುಗ್ಗಿ ಬಂತು. ಒಂದರ ಹಿಂದೆ ಒಂದರಂತೆ ಬಂದ ಈ ಪ್ರವಾಹಗಳು ಊರನ್ನು ಸುಮಾರು 20 ಮೀಟರ್ ಆಳಕ್ಕೆ ಹೂತುಬಿಟ್ಟವು.

ಇಲ್ಲೇ ಇರುವುದು ಹರ್ಕ್ಯುಲೇನಿಯಂನ ವಿಶೇಷ. ಆ ಬಿಸಿಗೆ ಮರ ಇದ್ದಿಲಾಯಿತು. ಗಾಳಿಯಾಡದ ಕಾರಣ ಉರಿದು ಬೂದಿಯಾಗಲಿಲ್ಲ. ಅದಕ್ಕೇ ಬಾಗಿಲ ಚೌಕಟ್ಟು, ತೊಲೆ, ಮೆಟ್ಟಿಲು, ಮಂಚ ಎಲ್ಲ ಕರ್ರಗೆ ಉಳಿದಿವೆ. ಒಂದು ಮನೆಯಲ್ಲಿ ಹಜಾರಕ್ಕೂ ಒಳಕೋಣೆಗೂ ನಡುವೆ ಮರದ ಅಡ್ಡಗೋಡೆ ಇದೆ. ಬೇಕಾದಾಗ ತೆರೆದು, ಬೇಡವಾದಾಗ ಮುಚ್ಚುವಂಥದ್ದು. ದೀಪ ತೂಗುಹಾಕುವ ಕಂಚಿನ ಕೊಕ್ಕೆಗಳು ಅದರಲ್ಲಿ ಹಾಗೇ ಇವೆ. ಇನ್ನೊಂದು ಅಂಗಡಿಯಲ್ಲಿ ಮರದ ಅಟ್ಟಣೆಯ ಮೇಲೆ ಮಣ್ಣಿನ ಉದ್ದ ಜಾಡಿಗಳು ಸಾಲಾಗಿ ಒರಗಿವೆ. ಅಮ್ಮ ಅಲ್ಲಿಂದ ಕದಲಲೇ ಇಲ್ಲ. "ನಮ್ಮಜ್ಜಿ ಮನೆ ಅಟ್ಟ ಇದ್ದಂಗೇ ಇದೆಯಲ್ಲೇ" ಅಂದರು. ಕಲ್ಲಿನ ಕಂಬ, ಅಮೃತಶಿಲೆ ನೋಡಿದಾಗ ಅಮ್ಮನಿಗೆ ಹೀಗೆ ಅನಿಸಿರಲಿಲ್ಲ. ಇಲ್ಲಿ ಬದುಕಿದವರು ರೋಮನ್ನರು ಅನ್ನುವುದಕ್ಕಿಂತ, ಸಂಸಾರಸ್ಥರು ಅನ್ನುವುದು ಮರದ ಸಾಮಾನು ನೋಡಿದಾಗಲೇ ಮನಸ್ಸಿಗೆ ಬರುವುದು.

ಕೊನೆಗೆ ಹಳೆಯ ಸಮುದ್ರತೀರಕ್ಕೆ ಇಳಿದೆವು. ಈಗ ಸಮುದ್ರ ದೂರ ಸರಿದಿದೆ, ಆಗ ಅಲೆಗಳು ಇಲ್ಲಿಗೇ ಬರುತ್ತಿದ್ದವು. ಗೋಡೆಯುದ್ದಕ್ಕೂ ಕಮಾನಿನ ಕೋಣೆಗಳಿವೆ, ದೋಣಿ ಇಡುವ ಜಾಗಗಳು. 1980ರ ದಶಕದವರೆಗೂ, ಊರಿನವರು ಹೆಚ್ಚು ಕಡಿಮೆ ಎಲ್ಲರೂ ಪಾರಾಗಿದ್ದಾರೆ ಅಂತ ತಿಳಿದಿದ್ದರು. ಊರಿನೊಳಗೆ ಸಿಕ್ಕಿದ್ದ ಅಸ್ಥಿಪಂಜರಗಳು ಅಷ್ಟು ಕಡಿಮೆ. ಆಮೇಲೆ ಈ ಕೋಣೆಗಳನ್ನು ಅಗೆದಾಗ ಸುಮಾರು 300 ಜನರ ಮೂಳೆಗಳು ಸಿಕ್ಕವು. ಒಳಗಿದ್ದವರಲ್ಲಿ ಹೆಂಗಸರು, ಮಕ್ಕಳು ಜಾಸ್ತಿ. ಹೊರಗೆ ಮರಳಿನ ಮೇಲೆ ಸಿಕ್ಕವರಲ್ಲಿ ಗಂಡಸರೇ ಹೆಚ್ಚು. ದೋಣಿ ಬರುತ್ತದೆ ಅಂತ ಕಾಯುತ್ತಿದ್ದರು. ಕೈಯಲ್ಲಿ ಒಡವೆ, ನಾಣ್ಯ, ಮನೆಯ ಬೀಗದ ಕೈ.

ಈಗ ಅಲ್ಲಿ ಇಟ್ಟಿರುವುದು ಆ ಮೂಳೆಗಳ ಅಚ್ಚು. ಸಿಕ್ಕಿದ್ದ ಹಾಗೇ, ಒಬ್ಬರ ಮೇಲೊಬ್ಬರು ಒತ್ತಿಕೊಂಡಿರುವಂತೆ ಜೋಡಿಸಿದ್ದಾರೆ. ಮಗಳಿಗೆ ತೋರಿಸಬೇಕೋ ಬೇಡವೋ ಅಂತ ನಾನೂ ನನ್ನವರೂ ಹಿಂದಿನ ರಾತ್ರಿಯೇ ಮಾತಾಡಿಕೊಂಡಿದ್ದೆವು. ಅವಳೇ ತಾತನ ಕೈ ಹಿಡಿದು ಮುಂದೆ ಹೋದಳು. "ಬೀಗದ ಕೈ ಯಾಕೆ ತಂದ್ರು ತಾತ?" ಅಂತ ಕೇಳಿದಳು. "ವಾಪಸ್ ಮನೆಗೆ ಹೋಗೋಕೆ ಕಣಮ್ಮಾ" ಅಂದರು ಅಪ್ಪ. ನನಗೆ ಗಂಟಲು ಕಟ್ಟಿತು. ಮಕ್ಕಳನ್ನು ಇಲ್ಲಿಗೆ ಕರೆತರುವವರು ಮೊದಲೇ ಸ್ವಲ್ಪ ಹೇಳಿಟ್ಟಿರಿ. ಆದರೆ ತೋರಿಸದೆ ಬರಬೇಡಿ.

ಮೇಲೆ ಬಂದು ನೆರಳಲ್ಲಿ ಕೂತಾಗ ಅಪ್ಪ ಪ್ಲಿನಿಯ ಮಾತು ತೆಗೆದರು. ಪ್ಲಿನಿ ಆಗ ಮಿಸೇನಂನಲ್ಲಿದ್ದ ರೋಮನ್ ನೌಕಾಪಡೆಯ ಮುಖ್ಯಸ್ಥ. ಜನರನ್ನು ಉಳಿಸಲು ಹಡಗು ತೆಗೆದುಕೊಂಡು ಇದೇ ಕೊಲ್ಲಿ ದಾಟಿ ಬಂದವನು. ಸ್ಟಾಬಿಯೆ ದಡದಲ್ಲಿ ಸತ್ತುಹೋದ. ಪ್ರಕೃತಿಯ ಬಗ್ಗೆ ಬರೆದ ತನ್ನ ದೊಡ್ಡ ಪುಸ್ತಕದಲ್ಲಿ, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಭಾರತದ ಪಾಲಾಗುತ್ತಿದೆ ಅಂತ ನೊಂದುಕೊಂಡವನೂ ಇವನೇ. ಮೆಣಸಿನಲ್ಲಿ ಖಾರ ಬಿಟ್ಟು ಇನ್ನೇನಿದೆ ಅಂತ ಅವನಿಗೆ ಆಶ್ಚರ್ಯ. ಆ ದುಡ್ಡಿನ ಒಂದಿಷ್ಟು ನಮ್ಮ ಚಿತ್ರದುರ್ಗದವರೆಗೂ ಬಂದಿದೆ. ಚಂದ್ರವಳ್ಳಿಯಲ್ಲಿ ಅಗೆದಾಗ ಚಕ್ರವರ್ತಿ ಟೈಬೀರಿಯಸನ ಬೆಳ್ಳಿ ನಾಣ್ಯ ಸಿಕ್ಕಿದೆ. ಅಪ್ಪ ಎಷ್ಟೋ ಸಲ ಮಕ್ಕಳನ್ನು ಚಂದ್ರವಳ್ಳಿಗೆ ಕರೆದುಕೊಂಡು ಹೋಗಿ ಇದನ್ನು ಹೇಳಿದವರು. ಆ ನಾಣ್ಯ ಕಳಿಸಿದ ಕಡೆ ತಾವೇ ಬಂದು ಕೂತಿರುವ ಖುಷಿ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

ವೆಸುವಿಯಸ್ ಈಗಲೂ ಜೀವಂತ. ಕೊನೆಯ ಸಲ ಸಿಡಿದಿದ್ದು 1944ರಲ್ಲಿ. ಅದರ ಮೇಲೆ ಕಣ್ಣಿಡಲು 1841ರಲ್ಲೇ ವೀಕ್ಷಣಾಲಯ ಕಟ್ಟಿದ್ದಾರೆ, ಜ್ವಾಲಾಮುಖಿಗೆಂದೇ ಕಟ್ಟಿದ ವೀಕ್ಷಣಾಲಯಗಳಲ್ಲಿ ಜಗತ್ತಿನಲ್ಲೇ ಹಳೆಯದು ಅದು. ಇಷ್ಟಾದರೂ ಬೆಟ್ಟದ ಬುಡದಲ್ಲಿ ಲಕ್ಷಾಂತರ ಜನ ಇದ್ದಾರೆ. ಅಮ್ಮನಿಗೆ ಇದು ಅರ್ಥವಾಗಲೇ ಇಲ್ಲ. ನನಗೆ ಸ್ವಲ್ಪ ಅರ್ಥವಾಗುತ್ತದೆ. ಆ ಮಣ್ಣಿನಲ್ಲಿ ಬೆಳೆಯುವ ಟೊಮೇಟೊ, ದ್ರಾಕ್ಷಿ ತಿಂದವರು, ಅಜ್ಜ ಮುತ್ತಜ್ಜಂದಿರು ಅಲ್ಲೇ ಮಣ್ಣಾದವರು ಸುಮ್ನೆ ಎದ್ದು ಹೋಗುತ್ತಾರಾ?

ಮರುದಿನ ನೇಪಲ್ಸ್‌ನ ಪುರಾತತ್ವ ಮ್ಯೂಸಿಯಂಗೆ ಹೋದೆವು. ಅದನ್ನು ಬಿಟ್ಟರೆ ಈ ಪ್ರವಾಸ ಅರ್ಧವೇ. ಅಗೆದು ತೆಗೆದ ಸಾಮಾನು ಹೆಚ್ಚಾಗಿ ಇರುವುದು ಅಲ್ಲೇ. ಹರ್ಕ್ಯುಲೇನಿಯಂನಲ್ಲಿ ಸಿಕ್ಕ ಕಪ್ಪಾದ ದುಂಡು ಬ್ರೆಡ್ ಒಂದಿದೆ. ಕ್ವಿಂಟಸ್ ಗ್ರಾನಿಯಸ್ ವೇರಸನ ದಾಸ ಸೆಲರ್ ಅಂತ ಅದರ ಮೇಲೆ ಮುದ್ರೆ. ಪೊಂಪೇಯಿಯಲ್ಲಿ 1938ರಲ್ಲಿ ಸಿಕ್ಕ, ನಮ್ಮ ದೇಶದಲ್ಲಿ ಕೆತ್ತಿದ ದಂತದ ಪುಟ್ಟ ಹೆಣ್ಣುಮೂರ್ತಿಯೂ ಇದೇ ಮ್ಯೂಸಿಯಂನದು. ಮೊದಲು ಲಕ್ಷ್ಮಿ ಅಂದರು, ಈಗ ಯಕ್ಷಿ ಇರಬಹುದು ಅನ್ನುತ್ತಾರೆ. ಒಂದು ವಿಷಯ ನೆನಪಿಡಿ. ಮ್ಯೂಸಿಯಂಗೆ ಮಂಗಳವಾರ ರಜೆ. ಊರಿನಿಂದ ಹಿರಿಯರನ್ನು ಕರೆತರುವವರು ಅದನ್ನು ನೋಡಿಕೊಂಡೇ ರೈಲು ಬುಕ್ ಮಾಡಿ.