ಲೈಟೆಲ್ಲ ಹಸಿರು, ನೆಟ್ ಮಾತ್ರ ಇಲ್ಲ

ಮನೆಮನೆಗೆ ಹೋಗಿ ಫೈಬರ್ ಇಂಟರ್ನೆಟ್ ರಿಪೇರಿ ಮಾಡೋ ನಮ್ಮ ಕೆಲಸದಲ್ಲಿ ಕೆಂಪು ಲೈಟ್ ಕಂಡರೆ ಒಂಥರಾ ನೆಮ್ಮದಿ. ಎಲ್‌ಒಎಸ್, ಅಂದ್ರೆ ಸಿಗ್ನಲ್ ಇಲ್ಲ ಅನ್ನೋ ಲೈಟ್, ಉರೀತಿದೆ ಅಂದ್ರೆ ಫೈಬರ್ ಎಲ್ಲೋ ಕಟ್ ಆಗಿದೆ. ಹುಡುಕು, ಸ್ಪ್ಲೈಸ್ ಮಾಡಿ ಜೋಡಿಸು, ಕಂಪ್ಲೇಂಟ್ ಮುಗೀತು ಅಂತ ಕಸ್ಟಮರ್ ಹತ್ರ ಒಟಿಪಿ ತಗೋ, ಹೊರಡು. ಜೀವ ಹಿಂಡೋದು ಎಲ್ಲ ಲೈಟೂ ಹಸಿರಾಗಿದ್ದು ನೆಟ್ ಇಲ್ಲದ ಮನೆಗಳು.

ಮೈಸೂರಿನ ಕುವೆಂಪುನಗರದಲ್ಲಿ ನಿವೃತ್ತ ಮೇಷ್ಟ್ರೊಬ್ಬರ ಮನೆ. ಕೆಳಗೆ ಮೇಷ್ಟ್ರು ದಂಪತಿ, ಮೇಲೆ ಮಗ ಸೊಸೆ. ಗಣೇಶನ ಹಬ್ಬ ಮುಗಿದ ಮೇಲೆ ಕಂಪ್ಲೇಂಟ್ ಬಂತು: ನೆಟ್ ಬರುತ್ತೆ, ಹೋಗುತ್ತೆ. ಹೋಗಿ ಫೈಬರಿನಲ್ಲಿ ಬರೋ ಬೆಳಕು ಅಳೆಯೋ ಪವರ್ ಮೀಟರ್ ಇಟ್ಟೆ, ಮೈನಸ್ 20. ಮೈನಸ್ 27ರ ಹತ್ತಿರ ಇದ್ದಿದ್ರೆ ಯೋಚಿಸಬೇಕಿತ್ತು, ಇದು ಬಂಗಾರದಂಥ ಪವರ್. ಹಾಗಾದ್ರೆ ಫೈಬರ್ ಬಂದು ಸೇರೋ ವೈಫೈ ಡಬ್ಬ, ಒಎನ್‌ಟಿಯೇ ಕೆಟ್ಟಿರಬೇಕು ಅಂತ ಬದಲಾಯಿಸಿದೆ. ಹಳೇ ಡಬ್ಬದಲ್ಲಿದ್ದ ಕೇಬಲ್‌ಗಳನ್ನ ಒಂದೊಂದೇ ಕಿತ್ತು, ಅದೇ ಕ್ರಮದಲ್ಲಿ ಹೊಸದಕ್ಕೆ ಹಾಕಿದೆ. ಅದೇ ವೈಫೈ ಹೆಸರು, ಅದೇ ಪಾಸ್‌ವರ್ಡ್. ಅಲ್ಲೇ ಹಾಲ್‌ನಲ್ಲಿ ನಿಂತು ನನ್ನ ಫೋನಲ್ಲಿ ಸ್ಪೀಡ್ ಟೆಸ್ಟ್ ಮಾಡಿದೆ, ಪ್ಲಾನ್‌ನಷ್ಟು ಪೂರ್ತಿ ಬಂತು. ಮೇಷ್ಟ್ರು ಒಟಿಪಿ ಕೊಟ್ಟು ಕಾಫಿನೂ ಕೊಟ್ಟರು.

ಮರುದಿನ ಬೆಳಿಗ್ಗೆಯೇ ಅದೇ ಕಂಪ್ಲೇಂಟ್ ರಿಪೀಟ್. ರಿಪೀಟ್ ಆದ್ರೆ ಇನ್ಸೆಂಟಿವ್ ಕಟ್, ಅದು ಬೇರೆ ಕಥೆ.

ಈ ಸಲ ಮೆಟ್ಟಿಲ ಮೇಲೆ ಸೊಸೆ ಲ್ಯಾಪ್‌ಟಾಪ್ ಹಿಡಿದೇ ನಿಂತಿದ್ದರು. "ಅಣ್ಣ, ಹನ್ನೊಂದಕ್ಕೆ ಕ್ಲೈಂಟ್ ಕಾಲ್ ಇದೆ, ಏನಾದ್ರೂ ಮಾಡಿ." ಗಂಟೆ ಹತ್ತೂ ಮುಕ್ಕಾಲು. ಹಾಟ್‌ಸ್ಪಾಟ್ ಕೊಡೋಣ ಅಂದ್ರೆ ಆ ರೂಮಲ್ಲಿ ನನ್ನ ಫೋನಿಗೆ ಒಂದೇ ಕಡ್ಡಿ ಸಿಗ್ನಲ್. ಕೆಳಗೆ ಮೇಷ್ಟ್ರ ಟಿವಿಯಲ್ಲಿ ಯೂಟ್ಯೂಬ್ ಸಲೀಸಾಗಿ ಓಡ್ತಿದೆ, ಮೇಲೆ ಲ್ಯಾಪ್‌ಟಾಪಿಗೆ ವೈಫೈ ಫುಲ್ ಇದ್ದೂ ನೆಟ್ ಇಲ್ಲ. ಕಂಪನಿಯ ನೆಟ್‌ವರ್ಕ್ ನೋಡಿಕೊಳ್ಳೋ ಎನ್‌ಒಸಿಗೆ ಫೋನ್ ಮಾಡಿದೆ. "ನಮ್ ಕಡೆ ಸೆಷನ್ ಅಪ್ ಇದೆ ಗುರು, ಟ್ರಾಫಿಕ್ ಹೋಗ್ತಿದೆ. ಕಸ್ಟಮರ್ ಡಿವೈಸ್ ಇಶ್ಯೂ ಅಂತ ಹಾಕು." ಇಟ್ಟೇಬಿಟ್ಟ. ನಾನು ಮಾಡಿದ್ದಾದ್ರೂ ಏನು? ರೀಸ್ಟಾರ್ಟ್. ಮತ್ತೆ ರೀಸ್ಟಾರ್ಟ್. ಈಗ ಮೇಷ್ಟ್ರ ಟಿವಿಯೂ ಸುತ್ತೋಕೆ ಶುರುವಾಯ್ತು. "ಏನಪ್ಪಾ, ಇದ್ದಿದ್ದೂ ಹೋಯ್ತಲ್ಲ!"

ಬೆವರು ಒರೆಸಿಕೊಂಡು ಲ್ಯಾಪ್‌ಟಾಪಿನ ಐಪಿ, ಅಂದ್ರೆ ನೆಟ್‌ವರ್ಕಿನಲ್ಲಿ ಅದಕ್ಕೆ ಸಿಕ್ಕಿರೋ ಅಡ್ರೆಸ್, ನೋಡಿದೆ. 192.168 ಅಂತ ಕಂಡ ಕೂಡಲೇ ನಮ್ಮ ಕಣ್ಣು ಮುಂದಕ್ಕೆ ಹೋಗಿಬಿಡುತ್ತೆ, ಸರಿಯಾಗಿದೆ ಅಂತ. ಎರಡು ಸಲ ಹಾಗೇ ದಾಟಿಹೋಗಿತ್ತು. ಮತ್ತೊಮ್ಮೆ ಓದಿದಾಗ ಗೊತ್ತಾಯ್ತು: 192.168.0.104. ನಮ್ಮ ಒಎನ್‌ಟಿ ಕೊಡೋದು 192.168.1 ಸೀರೀಸ್. ಈ ಸೊನ್ನೆ ಎಲ್ಲಿಂದ ಬಂತು?

"ಮೇಡಂ, ಮನೇಲಿ ಇನ್ನೊಂದು ರೂಟರ್ ಇದೆಯಾ?"

ಬೀರುವಿನ ಮೇಲೆ, ಸೂಟ್‌ಕೇಸ್ ಹಿಂದೆ ಇತ್ತು. ಹಾಸ್ಟೆಲಿಂದ ರಜೆಗೆ ಬಂದಿದ್ದ ಮೊಮ್ಮಗ ಮೇಲೆ ಸಿಗ್ನಲ್ ಬರಲ್ಲ ಅಂತ ಕೆಳಗಿಂದ ಕೇಬಲ್ ಎಳೆದು, ಹಳೇ ರೂಟರ್ ಹಾಕಿ, ಎರಡಕ್ಕೂ ಒಂದೇ ವೈಫೈ ಹೆಸರಿಟ್ಟು ಹೋಗಿದ್ದ. ಜಾಣ ಹುಡುಗ, ಹೊರಗಿನ ನೆಟ್ ಒಳಗೆ ಬರೋ ನೀಲಿ ವ್ಯಾನ್ (WAN) ಪೋರ್ಟಿಗೇ ಹಾಕಿದ್ದನಂತೆ. ಹಬ್ಬಕ್ಕೆ ಧೂಳು ಹೊಡೆಯುವಾಗ ಅಜ್ಜಿ ಕೇಬಲ್ ಕಿತ್ತು, ಆಮೇಲೆ ಮನೆಯೊಳಗಿನ ಡಿವೈಸ್‌ಗಳಿಗೆ ಅಂತ ಇರೋ ಹಳದಿ ಲ್ಯಾನ್ (LAN) ಪೋರ್ಟಿಗೆ ಚುಚ್ಚಿದ್ದಾರೆ. ಅವರದೇನು ತಪ್ಪು, ಪಿನ್ ಎಲ್ಲದಕ್ಕೂ ಕೂರುತ್ತೆ.

ಅಲ್ಲಿಗೆ ಒಂದೇ ಬಸ್ಸಿನಲ್ಲಿ ಇಬ್ಬರು ಕಂಡಕ್ಟರ್ ಆದಂಗಾಯ್ತು. ಎರಡೂ ಡಬ್ಬ ಒಂದೇ ನೆಟ್‌ವರ್ಕಿನಲ್ಲಿ, ಎರಡರಲ್ಲೂ ಐಪಿ ಹಂಚೋ ಡಿಎಚ್‌ಸಿಪಿ ಆನ್. ಯಾವ ಡಿಎಚ್‌ಸಿಪಿ ಮೊದಲು ಉತ್ತರ ಕೊಡುತ್ತೋ ಅದರ ಟಿಕೆಟ್ಟೇ ಟಿಕೆಟ್. ಹಳೇ ರೂಟರ್ ನಾನೇ ಗೇಟ್‌ವೇ, ಹೊರಗೆ ಹೋಗೋ ಬಾಗಿಲು ಅಂತ ಹೇಳುತ್ತೆ, ಆದ್ರೆ ಅದರ ವ್ಯಾನ್ ಖಾಲಿ. ಮೇಲಿನವರು ಅದಕ್ಕೇ ಅಂಟಿಕೊಂಡಿದ್ದರಿಂದ ಅವರಿಗೆ ಮೊದಲು ಸಿಗೋದು ಅದರದ್ದೇ ಅಡ್ರೆಸ್. ನಾನು ರೀಸ್ಟಾರ್ಟ್ ಮಾಡಿದಾಗೆಲ್ಲ ನಮ್ಮ ಡಬ್ಬ ಏಳೋದರೊಳಗೆ ಆ ಡಬ್ಬ ಕೆಳಗಿನ ಟಿವಿಗೂ ಹಂಚಿಬಿಟ್ಟಿದೆ. ಹಿಂದಿನ ದಿನ ಒಎನ್‌ಟಿ ಬದಲಾಯಿಸುವಾಗ ಆ ಕೇಬಲನ್ನ ಜೋಪಾನವಾಗಿ ಹೊಸ ಡಬ್ಬಕ್ಕೆ ಚುಚ್ಚಿದವನೂ ನಾನೇ. ಇದು ಎಲ್ಲಿಗೆ ಹೋಗುತ್ತೆ ಅಂತ ಕೇಳಲೇ ಇಲ್ಲ.

ಕೇಬಲ್ ನೀಲಿಗೆ ಹಾಕಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ ಆನ್ ಮಾಡಿದೆ. ಬಂತು. ಅವರು ಕಾಲ್‌ಗೆ ಕೂತಾಗ ಇನ್ನೂ ಹನ್ನೊಂದು ಹೊಡೆದಿರಲಿಲ್ಲ.

ಹಾಗೇ ಬಿಟ್ಟು ಬರಬಹುದಿತ್ತು. ಆದ್ರೆ ವ್ಯಾನ್‌ಗೆ ಹಾಕಿದ್ರೆ ನೆಟ್‌ವರ್ಕ್ ಎರಡಾಗುತ್ತೆ, ಕೆಳಗಿನ ಪ್ರಿಂಟರ್ ಮೇಲಿನ ಲ್ಯಾಪ್‌ಟಾಪಿಗೆ ಕಾಣಲ್ಲ. ಕಾಲ್ ಮುಗಿದ ಮೇಲೆ ಕೇಬಲ್ ಕಿತ್ತಿಟ್ಟು, ಹಳೇ ರೂಟರಿಗೆ ಲಾಗಿನ್ ಆಗಿ ಮೊದಲು ಅದರ ಐಪಿಯನ್ನ ನಮ್ಮ ಸೀರೀಸಿನ 192.168.1.2 ಮಾಡಿದೆ, ಆಮೇಲೆ ಡಿಎಚ್‌ಸಿಪಿ ಆಫ್, ಕೊನೆಗೆ ಕೇಬಲ್ ಮತ್ತೆ ಹಳದಿಗೆ. ಈಗ ನೆಟ್‌ವರ್ಕೂ ಒಂದೇ, ಕಂಡಕ್ಟರೂ ಒಬ್ಬನೇ. ಡಿಎಚ್‌ಸಿಪಿ ಮೊದಲು ಆಫ್ ಮಾಡಿದ್ರೆ ಆಮೇಲೆ ಒಳಗೆ ಹೋಗೋಕೆ ಐಪಿ ಕೈಯಲ್ಲೇ ಕೊಟ್ಟು ಒದ್ದಾಡಬೇಕು. ಒಂದಕ್ಕೊಂದು ಅಡ್ಡ ಬರದಿರಲಿ ಅಂತ ವೈಫೈ ಚಾನೆಲ್ ಕೆಳಗೆ 1, ಮೇಲೆ 6. ನೀಲಿ ಪೋರ್ಟಿನ ಮೇಲೆ ಟೇಪ್ ಅಂಟಿಸಿ, ಹಳದಿಯ ಪಕ್ಕ "ಇಲ್ಲಿಗೆ" ಅಂತ ಬರೆದೆ. ಅಜ್ಜಿಗೆ ತೋರಿಸಿದೆ. "ಮುಂದಿನ ಹಬ್ಬಕ್ಕೆ ಮುಟ್ಟೋದೇ ಇಲ್ಲ ಬಿಡಪ್ಪ" ಅಂದರು.

ಟಿಕೆಟ್ ಕ್ಲೋಸ್ ಮಾಡೋಕೆ ಆ್ಯಪ್ ತೆಗೆದರೆ ಕಾರಣದ ಪಟ್ಟಿಯಲ್ಲಿ ಇರೋದು ಫೈಬರ್ ಕಟ್, ಒಎನ್‌ಟಿ ಫಾಲ್ಟಿ, ಪವರ್ ಅಡಾಪ್ಟರ್, ಬಿಲ್ ಬಾಕಿ. ಎರಡನೇ ರೂಟರ್ ಅನ್ನೋ ಜಾತಿಯೇ ಇಲ್ಲ. "ಒಎನ್‌ಟಿ ಫಾಲ್ಟಿ" ಒತ್ತಿದೆ. ನಾನು ಕಿತ್ತು ತಂದ ಒಎನ್‌ಟಿ ಆಫೀಸಲ್ಲಿ ಟೆಸ್ಟ್ ಓಕೆ ಆಗಿ ಬೇರೆ ಯಾರದ್ದೋ ಮನೆ ಸೇರಿತು.

ಈಗ ಒಎನ್‌ಟಿ ಮುಟ್ಟೋ ಮುಂಚೆ ಲ್ಯಾನ್ ಕೇಬಲ್ ಎಲ್ಲ ಕಿತ್ತು ನೋಡ್ತೀನಿ, ಒಂದೊಂದರ ಇನ್ನೊಂದು ತುದಿ ಹುಡುಕ್ತೀನಿ. "ಹಸಿರು ಲೈಟ್ ಮನೇಲಿ ಇಷ್ಟ್ಹೊತ್ತು ಏನ್ ಮಾಡ್ತೀಯಪ್ಪ, ಕಂಪ್ಲೇಂಟ್ ಮುಗಿಸೋ ಟೈಮ್ ಮೀರ್ತಿದೆ" ಅಂತ ಟೀಮ್ ಲೀಡ್ ಬೈತಾನೆ. ಬೈಲಿ.